ಮನೆಯಲ್ಲೇ ಹಿರಿಯರ ಆರೈಕೆ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರಿಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮತ್ತೆಗೆ ಲಕ್ವಾ ಹೊಡೆದು, ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು, ಸಂಜೆ ಏಳರ ಹೊತ್ತಿಗೆ ಮನೆಗೆ ಬಂದರು. ಕೈಯಲ್ಲಿ ಒಂದು ಫೈಲು, ಒಂದು ಚೀಲ ಗುಳಿಗೆ. ಅವರನ್ನು ಹಾಸಿಗೆಯಿಂದ ಎಬ್ಬಿಸುವುದು ಹೇಗೆ, ಉಣಿಸುವುದು ಹೇಗೆ, ರಾತ್ರಿ ಎಷ್ಟು ಸಲ ಮಗ್ಗುಲು ಬದಲಿಸಬೇಕು, ಒಂದನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲ ವಾರದಲ್ಲೇ ಅವರ ಬೆನ್ನ ಕೆಳಗೆ ಕೆಂಪಗಾಯಿತು. ಎರಡನೇ ವಾರಕ್ಕೆ ಅದು ಹುಣ್ಣಾಯಿತು. ಆ ಹುಣ್ಣು ಮಾಯಲು ಎರಡೂವರೆ ತಿಂಗಳು ಬೇಕಾಯಿತು.

ಆರು ವರ್ಷ ಅವರನ್ನು ನೋಡಿಕೊಂಡ ಮೇಲೆ ನನಗೆ ಒಂದು ವಿಷಯ ಖಾತ್ರಿಯಾಗಿದೆ. ನಮ್ಮ ಕಡೆ ಆರೈಕೆಯ ಭಾರ ಒಬ್ಬರ ಮೇಲೇ ಬೀಳುತ್ತದೆ. ಜಾಸ್ತಿ ಮನೆಗಳಲ್ಲಿ ಅದು ಸೊಸೆ, ಇಲ್ಲವೇ ಮದುವೆಯಾಗದೆ ಉಳಿದ ಮಗಳು. ಅವರು ಕುಸಿದ ದಿನ ಹಿರಿಯರ ಆರೈಕೆಯೂ ಕುಸಿಯುತ್ತದೆ. ಹಾಗಾಗಿ ಕೆಳಗಿನ ಪ್ರತಿ ಹೆಜ್ಜೆಯನ್ನೂ ನೋಡಿಕೊಳ್ಳುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಹೆಜ್ಜೆ 1: ಎಲ್ಲರೂ ಕೂತು ಮಾತಾಡಿ, ಕೆಲಸ ಹಂಚಿಕೊಳ್ಳಿ

ಇದನ್ನು ಆಸ್ಪತ್ರೆಯ ವರಾಂಡದಲ್ಲಿ ಮಾಡಬೇಡಿ. ಆದಷ್ಟು ಹಿರಿಯರು ಗಟ್ಟಿ ಇರುವಾಗಲೇ, ಪಡಸಾಲೆಯಲ್ಲಿ ಅವರನ್ನೂ ಕೂರಿಸಿಕೊಂಡು ಮಾತಾಡಿ. ಅವರಿಗೆ ಯಾರ ಮನೆಯಲ್ಲಿರುವುದು ಇಷ್ಟ? ಊರು ಬಿಟ್ಟು ಬೆಂಗಳೂರಿನ ಮಗನ ಮನೆಗೆ ಹೋಗಲು ಒಪ್ಪುತ್ತಾರಾ? ಹೆಚ್ಚಿನವರು ಒಪ್ಪುವುದಿಲ್ಲ. ಕಟ್ಟೆ, ಗುಡಿ, ನೆರೆಹೊರೆ ಬಿಟ್ಟು ಮೂರನೇ ಮಹಡಿಯ ಮನೆಯಲ್ಲಿ ಇರೋದು ಅವರಿಗೆ ಕಷ್ಟ.

ಆಮೇಲೆ ಕೆಲಸ ಹಂಚಿಕೊಳ್ಳಿ. "ಎಲ್ಲರೂ ನೋಡ್ಕೊಳ್ಳೋಣ" ಅಂದರೆ ಕೊನೆಗೆ ಒಬ್ಬರೇ ನೋಡಿಕೊಳ್ಳುತ್ತಾರೆ. ಹೆಸರು ಹಿಡಿದು ಬರೆಯಿರಿ. ಔಷಧದ ಖರ್ಚು ಯಾರದು, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವವರು ಯಾರು, ಸರ್ಕಾರಿ ಕಾಗದಪತ್ರ ಯಾರು ಮಾಡಿಸುತ್ತಾರೆ, ಭಾನುವಾರ ಯಾರು ಬರುತ್ತಾರೆ. ದೂರದ ಊರಲ್ಲಿರುವ ಮಗ ಮೈ ತೊಳೆಸಲಾರ ನಿಜ. ಆದರೆ ಗುಳಿಗೆ ತರಿಸುವುದು, ಬಿಲ್ಲು ಕಟ್ಟುವುದು, ಅರ್ಜಿ ಹಾಕುವುದು ಫೋನಿನಲ್ಲೇ ಆಗುವ ಕೆಲಸ. ನಮ್ಮ ಮೈದುನ ಪುಣೆಯಲ್ಲಿದ್ದುಕೊಂಡು ಆರು ವರ್ಷ ಔಷಧದ ಜವಾಬ್ದಾರಿ ಒಂದೂ ದಿನ ತಪ್ಪದೆ ಹೊತ್ತರು. ಅದು ನನಗೆ ದುಡ್ಡಿಗಿಂತ ದೊಡ್ಡ ಆಸರೆಯಾಗಿತ್ತು.

ಹೆಜ್ಜೆ 2: ಒಂದು ನೋಟ್‌ಬುಕ್ ಇಡಿ

ನೂರು ಪುಟದ ಸಾದಾ ನೋಟ್‌ಬುಕ್ ಸಾಕು. ಮೊದಲ ಪುಟದಲ್ಲಿ ಹಿರಿಯರ ವಯಸ್ಸು, ರಕ್ತದ ಗುಂಪು, ಯಾವ ಯಾವ ಕಾಯಿಲೆ ಇದೆ, ಯಾವ ಔಷಧ ಒಗ್ಗುವುದಿಲ್ಲ, ಡಾಕ್ಟರ ಫೋನ್ ನಂಬರು. ಎರಡನೇ ಪುಟದಲ್ಲಿ ಗುಳಿಗೆಗಳ ಪಟ್ಟಿ: ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ಹೊತ್ತಿಗೆ, ಊಟಕ್ಕೆ ಮೊದಲೋ ಆಮೇಲೋ. ಮುಂದಿನ ಪುಟಗಳಲ್ಲಿ ದಿನಕ್ಕೆ ಎರಡೇ ಸಾಲು. ಬಿಪಿ, ಶುಗರ್, ಊಟ, ಮೂತ್ರ, ಸಂಡಾಸ, ನಿದ್ದೆ.

ಹೊಸ ಡಾಕ್ಟರ ಹತ್ತಿರ ಹೋದಾಗ ಈ ನೋಟ್‌ಬುಕ್ಕನ್ನೇ ಮುಂದಿಡಿ. ವಯಸ್ಸಾದವರು ಮೂರ್ನಾಲ್ಕು ಡಾಕ್ಟರ ಗುಳಿಗೆ ಒಟ್ಟಿಗೆ ನುಂಗುತ್ತಿರುತ್ತಾರೆ. ಒಂದೇ ಔಷಧ ಎರಡು ಹೆಸರಿನಲ್ಲಿ ಇರುವುದೂ ಉಂಟು. ವರ್ಷಕ್ಕೆ ಎರಡು ಸಲವಾದರೂ ಒಬ್ಬರೇ ಡಾಕ್ಟರ ಮುಂದೆ ಎಲ್ಲ ಗುಳಿಗೆ ಹರವಿ, "ಇದರಲ್ಲಿ ಯಾವುದು ಬಿಡಬಹುದು?" ಅಂತ ಕೇಳಿ. ನಿಮಗೆ ನೀವೇ ಮಾತ್ರ ಯಾವುದನ್ನೂ ನಿಲ್ಲಿಸಬೇಡಿ.

ಹೆಜ್ಜೆ 3: ಆಸ್ಪತ್ರೆ ಬಿಡುವ ಮೊದಲು ಕೈಯಾರೆ ಮಾಡಿ ಕಲಿಯಿರಿ

ನಾನು ತಪ್ಪಿದ್ದು ಇಲ್ಲೇ. ಡಿಸ್ಚಾರ್ಜ್ ಮುಂಜಾನೆ ಆಗಲಿ ಅಂತ ಕೇಳಿ. ರಾತ್ರಿ ಬೇಡ ಅನ್ನಿ. ಒಂದು ದಿನ ಮೊದಲೇ ನರ್ಸ್ ಮತ್ತು ಫಿಸಿಯೋಥೆರಪಿಯವರ ಎದುರಿಗೆ ನೀವೇ ಮಾಡಿ ತೋರಿಸಿ: ಮಗ್ಗುಲು ಹೊರಳಿಸುವುದು, ಎಬ್ಬಿಸಿ ಕೂರಿಸುವುದು, ಕುರ್ಚಿಗೆ ದಾಟಿಸುವುದು, ಮೂತ್ರದ ನಳಿಕೆ ಇದ್ದರೆ ಅದರ ಚೀಲ ಖಾಲಿ ಮಾಡುವುದು. ಅವರ ಒಪ್ಪಿಗೆ ಕೇಳಿ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ.

ಲಕ್ವಾ ಆದವರ ಸೋತ ಕೈಯನ್ನು ಹಿಡಿದು, ಇಲ್ಲವೇ ಕಂಕುಳಿಗೆ ಕೈ ಹಾಕಿ ಎಳೆಯಲೇಬಾರದು. ಭುಜದ ಕೀಲು ಸರಿಯುತ್ತದೆ. ಕುರ್ಚಿಯನ್ನು ಅವರ ಗಟ್ಟಿ ಇರುವ ಬದಿಗೆ ಹಾಕಿ, ಆ ಕಾಲಿನ ಮೇಲೆ ಭಾರ ಬಿಡಿಸಿ ದಾಟಿಸಿ. ಎತ್ತುವಾಗ ನೀವು ಸೊಂಟ ಬಾಗಿಸಬೇಡಿ, ಮೊಣಕಾಲು ಮಡಿಸಿ.

ಹೆಜ್ಜೆ 4: ಮನೆ ಸಜ್ಜು ಮಾಡಿ, ಬಚ್ಚಲಿನಿಂದ ಶುರು ಮಾಡಿ

ನಮ್ಮ ಕಡೆಯ ಹಳೆ ಮನೆಗಳಲ್ಲಿ ಹೊಸ್ತಿಲು ಎತ್ತರ, ನೆಲಕ್ಕೆ ಶಹಾಬಾದ್ ಕಲ್ಲು, ಸಂಡಾಸ ಹಿತ್ತಲಲ್ಲಿ. ವಯಸ್ಸಾದವರು ಬೀಳುವುದು ರಾತ್ರಿ ಈ ದಾರಿಯಲ್ಲೇ. ಬಿದ್ದು ತೊಡೆಯ ಮೇಲ್ಭಾಗದ ಮೂಳೆ ಮುರಿದರೆ ಹೆಚ್ಚಾಗಿ ಆಪರೇಷನ್ನೇ ಆಗಬೇಕು. ಅದಾದ ಮೇಲೆ ಎಷ್ಟೋ ಜನ ಮೊದಲಿನಂತೆ ಓಡಾಡುವುದೇ ಇಲ್ಲ.

ಬಚ್ಚಲ ಗೋಡೆಗೆ ಗಟ್ಟಿ ಸ್ಟೀಲ್ ಹಿಡಿಕೆ ಹಾಕಿಸಿ. ಟವೆಲ್ ನೇತುಹಾಕುವ ಕಂಬಿ ಮೈಭಾರ ತಡೆಯುವುದಿಲ್ಲ. ಸ್ನಾನಕ್ಕೆ ಪ್ಲಾಸ್ಟಿಕ್ ಕುರ್ಚಿ, ಅದರ ಕಾಲುಗಳಿಗೆ ರಬ್ಬರ್ ಬುಡ. ಒಳಗಿನ ಚಿಲಕ ತೆಗೆದುಬಿಡಿ, ಪರದೆ ಸಾಕು. ಹಾಸಿಗೆಯಿಂದ ಸಂಡಾಸದವರೆಗೆ ರಾತ್ರಿಯಿಡೀ ಸಣ್ಣ ದೀಪ ಉರಿಯಲಿ. ಸಂಡಾಸ ದೂರ ಇದ್ದರೆ ಹಾಸಿಗೆ ಪಕ್ಕಕ್ಕೇ ಕಮೋಡ್ ಕುರ್ಚಿ ಇಡಿ. ಇದಕ್ಕೆ ಹಿರಿಯರು ನಾಚಿಕೊಳ್ಳುತ್ತಾರೆ. ನಮ್ಮತ್ತೆ ಮೂರು ದಿನ ಮಾತೇ ಬಿಟ್ಟಿದ್ದರು. ಅವರ ಹಳೆ ಸೀರೆಯೊಂದನ್ನು ಹೊಲಿದು ಸುತ್ತ ಪರದೆ ಕಟ್ಟಿದ ಮೇಲೆ ಒಪ್ಪಿದರು.

ವಾಕರ್, ಕೋಲು, ಗಾಲಿ ಕುರ್ಚಿ, ಕಿವಿ ಯಂತ್ರ, ಹಲ್ಲಿನ ಸೆಟ್ಟು ಕೊಂಡುಕೊಳ್ಳಲು ಆಗದವರಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. 2017ರಲ್ಲಿ ಶುರುವಾಯಿತು. 60 ದಾಟಿದ ಬಿಪಿಎಲ್ ಕುಟುಂಬದವರಿಗೆ ಶಿಬಿರಗಳಲ್ಲಿ ಅಳತೆ ನೋಡಿ ಉಚಿತವಾಗಿ ಕೊಡುತ್ತಾರೆ. ನಿಮ್ಮ ಜಿಲ್ಲೆಯಲ್ಲಿ ಶಿಬಿರ ಯಾವಾಗ ಅನ್ನುವುದನ್ನು ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿ.

ಹೆಜ್ಜೆ 5: ದಿನದ ಆರೈಕೆ

ಹಾಸಿಗೆ ಹಿಡಿದವರಿಗೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಎಡಕ್ಕೆ, ಅಂಗಾತ, ಬಲಕ್ಕೆ. ಮೊಣಕಾಲುಗಳ ನಡುವೆ ಒಂದು ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ಮಡಿಚಿದ ಕೌದಿ. ದಿನಾ ಮೈ ಒರೆಸುವಾಗ ಬೆನ್ನ ಕೆಳಭಾಗ, ಸೊಂಟದ ಎರಡು ಬದಿ, ಹಿಮ್ಮಡಿ, ಮೊಣಕೈ ನೋಡಿ. ಕೆಂಪಗಾದ ಜಾಗವನ್ನು ಬೆರಳಿಂದ ಒತ್ತಿ. ಒತ್ತಿದಾಗ ಬಿಳಿಚಿಕೊಳ್ಳದೆ ಕೆಂಪಗೇ ಇದ್ದರೆ ಹುಣ್ಣು ಶುರುವಾಗಿದೆ ಅಂತ ಅರ್ಥ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣಿಸದಿರಬಹುದು. ಆಗ ಆ ಜಾಗ ಬಿಸಿ ಇದೆಯಾ, ಗಟ್ಟಿಯಾಗಿದೆಯಾ ಮುಟ್ಟಿ ನೋಡಿ. ಅಲ್ಲಿ ಎಣ್ಣೆ ಹಚ್ಚಿ ಉಜ್ಜಬೇಡಿ, ಪೌಡರ್ ಮೆತ್ತಬೇಡಿ, ಟ್ಯೂಬಿನಂಥ ರಿಂಗ್ ಕೆಳಗೆ ಇಡಬೇಡಿ. ಆ ಜಾಗದ ಮೇಲೆ ಭಾರ ಬೀಳದ ಹಾಗೆ ಮಲಗಿಸಿ, ಡಾಕ್ಟರಿಗೆ ತೋರಿಸಿ. ಗಾಳಿ ತುಂಬುವ ಏರ್ ಬೆಡ್ ಒಳ್ಳೆಯದು. ಆದರೆ ಅದು ಇದ್ದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ಕರೆಂಟು ಹೋದಾಗ ಅದು ಇಳಿದಿದೆಯಾ ಅಂತ ನೋಡುತ್ತಿರಿ.

ಊಟದ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಲಕ್ವಾ, ಪಾರ್ಕಿನ್ಸನ್, ಮರೆವಿನ ಕಾಯಿಲೆ ಇದ್ದವರಿಗೆ ನುಂಗುವುದು ಕಷ್ಟ. ಮಲಗಿಸಿ ಉಣಿಸಬೇಡಿ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಬಾಗಲಿ, ಸಣ್ಣ ಚಮಚ, ಒಂದು ತುತ್ತು ಇಳಿದ ಮೇಲೇ ಇನ್ನೊಂದು. ಉಂಡ ಮೇಲೆ ಅರ್ಧ ತಾಸು ಕೂತೇ ಇರಲಿ. ನೀರು ಕುಡಿದಾಗ ಕೆಮ್ಮು ಬಂದರೆ, ದನಿ ಒದ್ದೆಯಾದ ಹಾಗೆ ಕೇಳಿದರೆ, ನೀರು ಶ್ವಾಸಕೋಶದ ಕಡೆ ಹೋಗುತ್ತಿರಬಹುದು. ಇಂಥವರಿಗೆ ತೆಳ್ಳಗಿನ ನೀರಿಗಿಂತ ಗಟ್ಟಿ ಗಂಜಿ ಸಲೀಸು. ರೊಟ್ಟಿ ಬೇಕೇ ಬೇಕು ಅನ್ನುವವರಿಗೆ ಬಿಸಿ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ಚೆನ್ನಾಗಿ ನೆನೆಸಿ, ಕಿವುಚಿ ಕೊಡಿ. ಜೋಳದ ನುಚ್ಚು, ಹೆಸರುಬೇಳೆ ಕಟ್ಟು, ಮೊಸರು ಒಳ್ಳೆಯವು. ಬರೀ ಗಂಜಿಯಲ್ಲೇ ದಿನ ಕಳೆಯಬೇಡಿ. ಬೇಳೆ, ಹಾಲು, ತಿನ್ನುವವರಾದರೆ ಮೊಟ್ಟೆ ಇಲ್ಲದಿದ್ದರೆ ಮೈ ಇಳಿದುಹೋಗುತ್ತದೆ.

ಗುಳಿಗೆ ನುಂಗಲಾರರು ಅಂತ ಎಲ್ಲವನ್ನೂ ಪುಡಿ ಮಾಡಬೇಡಿ. ನಿಧಾನವಾಗಿ ಕರಗುವ ಹಾಗೆ ಮಾಡಿದ ಗುಳಿಗೆಗಳಿರುತ್ತವೆ. ಪುಡಿ ಮಾಡಿದರೆ ಪೂರ್ತಿ ಔಷಧ ಒಮ್ಮೆಲೇ ಮೈಗೆ ಹೋಗುತ್ತದೆ. ಅಂಗಡಿಯವರನ್ನೋ ಡಾಕ್ಟರನ್ನೋ ಕೇಳಿ.

ಏಪ್ರಿಲ್, ಮೇ ಬಂತು ಅಂದರೆ ಗದಗ, ರೋಣ, ನರಗುಂದದ ಬಿಸಿಲು ಗೊತ್ತಲ್ವಾ? ವಯಸ್ಸಾದವರಿಗೆ ಬಾಯಾರಿಕೆಯೇ ಕಡಿಮೆ. ಕೇಳುವವರೆಗೆ ಕಾಯದೆ ತಾಸಿಗೊಮ್ಮೆ ನಾಲ್ಕು ಗುಟುಕು ಮಜ್ಜಿಗೆಯೋ ನೀರೋ ಕುಡಿಸಿ. ಹೃದಯ ಅಥವಾ ಕಿಡ್ನಿ ತೊಂದರೆ ಇದ್ದವರಿಗೆ ಎಷ್ಟು ಕುಡಿಸಬೇಕು ಅಂತ ಡಾಕ್ಟರು ಹೇಳಿದ ಲೆಕ್ಕವೇ ಲೆಕ್ಕ. ಬ್ಯಾಡಗಿ ಕಡೆಯವರಿಗೆ ಇನ್ನೊಂದು ಮಾತು: ಮನೆಯಲ್ಲಿ ಖಾರ ಕುಟ್ಟುವ ದಿನ ಹಿರಿಯರನ್ನು ಬೇರೆ ಕಡೆ ಕೂರಿಸಿ. ಆ ಘಾಟು ಅವರ ಎದೆಗೆ ಒಗ್ಗುವುದಿಲ್ಲ.

ಹೆಜ್ಜೆ 6: ಯಾವಾಗ ಓಡಬೇಕು ಅಂತ ತಿಳಿದಿರಲಿ

ಬಾಯಿ ಒಂದು ಕಡೆ ಸೊಟ್ಟಗಾಯಿತು, ಎರಡೂ ಕೈ ಎತ್ತಿ ಅಂದರೆ ಒಂದು ಕೆಳಗೆ ಬಿತ್ತು, ಮಾತು ತೊದಲಿತು. ಲಕ್ವಾದ ಈ ಗುರುತುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ, ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆಗೇ ಹೋಗಿ. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ವಾ ಶುರುವಾದ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಸ್ಕ್ಯಾನಿಗೂ ಹೊತ್ತು ಬೇಕು. ಶಿಗ್ಗಾವಿಯಿಂದಲೋ ಮುಂಡರಗಿಯಿಂದಲೋ ಹೊರಡುವವರಿಗೆ ದಾರಿಯಲ್ಲೇ ಎಷ್ಟು ಸಮಯ ಹೋಗುತ್ತದೆ ನೋಡಿ. ನಾಟಿ ಔಷಧದ ಕಡೆ ಮೊದಲು ಹೋಗಿ, ಆಮೇಲೆ ಆಸ್ಪತ್ರೆ ಅಂದುಕೊಂಡರೆ ಆ ಹೊತ್ತು ಕೈತಪ್ಪುತ್ತದೆ. ಲಕ್ವಾ ಯಾವಾಗ ಶುರುವಾಯಿತು ಅನ್ನುವ ಗಂಟೆಯನ್ನು ಬರೆದಿಟ್ಟುಕೊಳ್ಳಿ. ಡಾಕ್ಟರು ಮೊದಲು ಕೇಳುವುದೇ ಅದು.

ಇನ್ನೊಂದು ಗುರುತು ಅನೇಕರಿಗೆ ಗೊತ್ತಿಲ್ಲ. ನಿನ್ನೆಯವರೆಗೆ ಸರಿಯಾಗಿದ್ದವರು ಇವತ್ತು ಏಕಾಏಕಿ ತಬ್ಬಿಬ್ಬಾಗಿ, ಇಲ್ಲದವರನ್ನು ಕರೆಯುತ್ತಾ, ಹಗಲೆಲ್ಲ ಮಂಪರಿನಲ್ಲಿದ್ದರೆ ಅದನ್ನು ಅರಳು ಮರಳು ಅಂತ ಬಿಡಬೇಡಿ. ಮೂತ್ರದ ಸೋಂಕು, ರಕ್ತದಲ್ಲಿ ಉಪ್ಪಿನಂಶ ಇಳಿದಿರುವುದು, ಮಲಬದ್ಧತೆ, ಹೊಸ ಗುಳಿಗೆ, ಇವೆಲ್ಲ ಕಾರಣ ಆಗಬಹುದು. ಅದೇ ದಿನ ತೋರಿಸಿ. ಹೆಚ್ಚಿನವು ವಾಸಿಯಾಗುವಂಥವು.

ತಿಂಗಳುಗಟ್ಟಲೆ ನಿಧಾನವಾಗಿ ಬರುವ ಮರೆವು ಬೇರೆ. ಅದಕ್ಕೆ ಧಾರವಾಡದ ಡಿಮ್ಹಾನ್ಸ್‌ಗೆ ಹೋಗಿ. ನಮ್ಮ ಭಾಗದ ದೊಡ್ಡ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಅದು. ಹಳಬರು ಇನ್ನೂ ಅದನ್ನು "ಹುಚ್ಚರ ದವಾಖಾನೆ" ಅಂತ ಕರೆದು ಹಿಂಜರಿಯುತ್ತಾರೆ. ಆ ಮಾತಿನಿಂದ ಎಷ್ಟೋ ಹಿರಿಯರು ಔಷಧವಿಲ್ಲದೆ ನರಳಿದ್ದಾರೆ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದಲೂ ಮರೆವು ಬರುತ್ತದೆ, ಅವನ್ನು ಮೊದಲು ಪರೀಕ್ಷೆ ಮಾಡಿಸಬೇಕು. ಮರೆವಿನವರ ಜೊತೆ ವಾದ ಮಾಡಬೇಡಿ. ತೀರಿಕೊಂಡ ಗಂಡ ಯಾವಾಗ ಬರುತ್ತಾನೆ ಅಂತ ಅಜ್ಜಿ ಕೇಳಿದರೆ, "ಅವರು ಸತ್ತು ಹತ್ತು ವರ್ಷವಾಯಿತು" ಅನ್ನುವ ಸುದ್ದಿ ಆಕೆಗೆ ಪ್ರತಿ ಸಲವೂ ಹೊಸದು. "ಅಜ್ಜಾರು ಹೆಂಗಿದ್ರು ಹೇಳ್ರಿ" ಅಂತ ಕೇಳಿ, ಮಾತು ಆ ಕಡೆ ಹೊರಳಲಿ. ಜೇಬಿನಲ್ಲೋ ಕುಬಸಕ್ಕೆ ಹೊಲಿದೋ ಒಂದು ಫೋನ್ ನಂಬರು ಸದಾ ಇರಲಿ.

ಹೆಜ್ಜೆ 7: ಆಸ್ಪತ್ರೆಯ ಖರ್ಚು ಮತ್ತು ಕಾಗದಪತ್ರ

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ನಿಗದಿ ಮಾಡಿದ ದರದ ಶೇ. 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ದಾರಿ ಹೀಗಿದೆ: ರೇಷನ್ ಕಾರ್ಡು, ಆಧಾರ್ ಹಿಡಿದು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಅವರು ರೆಫರಲ್ ಚೀಟಿ ಕೊಡುತ್ತಾರೆ. ಅದನ್ನು ಹಿಡಿದು ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬಹುದು. ತುರ್ತು ಇದ್ದಾಗ ಚೀಟಿ ಬೇಕಿಲ್ಲ. ನಮ್ಮ ಭಾಗದವರಿಗೆ ಹುಬ್ಬಳ್ಳಿ ವಿದ್ಯಾನಗರದ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಗದಗದ ಜಿಮ್ಸ್, ಹಾವೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರದವು. ದಿನದ ಬಿಪಿ, ಶುಗರ್ ಗುಳಿಗೆಗೆ, ಕಂಪನಿ ಹೆಸರಿಲ್ಲದ ಅದೇ ಔಷಧವನ್ನು ಕಡಿಮೆ ಬೆಲೆಗೆ ಕೊಡುವ ಜನೌಷಧಿ ಅಂಗಡಿ ನೋಡಿ. ಡಾಕ್ಟರಿಗೆ ಔಷಧದ ಮೂಲ ಹೆಸರು ಬರೆದುಕೊಡಿ ಅನ್ನಿ.

65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಅರ್ಜಿ ನಾಡಕಚೇರಿಯಲ್ಲಿ. ಆಧಾರ್, ಆದಾಯ ಪ್ರಮಾಣಪತ್ರ, ವಯಸ್ಸಿನ ದಾಖಲೆ, ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್ ಬೇಕು. ಎಲ್ಲದರಲ್ಲೂ ಹೆಸರು ಒಂದೇ ರೀತಿ ಇದೆಯಾ ಮೊದಲೇ ನೋಡಿ. "ಗಂಗವ್ವ" ಒಂದರಲ್ಲಿ, "ಗಂಗಮ್ಮ" ಇನ್ನೊಂದರಲ್ಲಿ ಇದ್ದರೆ ಅಲ್ಲೇ ಅರ್ಜಿ ನಿಲ್ಲುತ್ತದೆ. ಲಕ್ವಾದಿಂದ ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಅಂಗವಿಕಲತೆ ಉಳಿದಿದ್ದರೆ ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡು ಮಾಡಿಸಿಡಿ.

ಸರ್ಕಾರಿ ಪಿಂಚಣಿದಾರರು ನವೆಂಬರ್‌ನಲ್ಲಿ ಕೊಡುವ ಜೀವಿತ ಪ್ರಮಾಣಪತ್ರಕ್ಕೆ ಹಾಸಿಗೆ ಹಿಡಿದವರನ್ನು ಬ್ಯಾಂಕಿಗೆ ಹೊತ್ತೊಯ್ಯಬೇಕಿಲ್ಲ. ಅಂಚೆ ಕಚೇರಿಗೆ ತಿಳಿಸಿದರೆ ಪೋಸ್ಟ್‌ಮನ್ ಮನೆಗೇ ಬಂದು ಬೆರಳಚ್ಚಿನ ಮೂಲಕ ಮಾಡಿಕೊಡುತ್ತಾರೆ. 70 ದಾಟಿದವರಿಗೆ ಬ್ಯಾಂಕುಗಳು ಮನೆಬಾಗಿಲಿಗೆ ಸೇವೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಶಾಖೆಯಲ್ಲಿ ಕೇಳಿ ಪಡೆಯಿರಿ. ವಾಯವ್ಯ ಸಾರಿಗೆಯ ಬಸ್ಸಿನಲ್ಲಿ 60 ದಾಟಿದವರಿಗೆ ಶೇ. 25 ರಿಯಾಯಿತಿ ಇದೆ. ಹುಬ್ಬಳ್ಳಿ-ಧಾರವಾಡ ನಡುವೆ ಮೊಣಕಾಲು ನೋವಿನವರಿಗೆ ಚಿಗರಿ ಬಸ್ಸೇ ಸಲೀಸು. ಪ್ಲಾಟ್‌ಫಾರ್ಮಿನ ಮಟ್ಟಕ್ಕೇ ಬಾಗಿಲು ಇರುವುದರಿಂದ ಮೆಟ್ಟಿಲು ಹತ್ತಬೇಕಿಲ್ಲ.

ಹೆಜ್ಜೆ 8: ಆಸ್ತಿ ಬರೆದುಕೊಡುವ ಮೊದಲು

ಇದು ಮನಸ್ಸಿಗೆ ಕಹಿ ವಿಷಯ, ಆದರೂ ಹೇಳುತ್ತೇನೆ. ಹಿರಿಯರೇ, ಪ್ರೀತಿಯಿಂದ ಹೊಲ, ಮನೆ ದಾನಪತ್ರ ಮಾಡಿಕೊಡುವುದಿದ್ದರೆ "ನನ್ನನ್ನು ಕೊನೆಯವರೆಗೆ ನೋಡಿಕೊಳ್ಳಬೇಕು" ಅನ್ನುವ ಷರತ್ತನ್ನು ಆ ಪತ್ರದಲ್ಲೇ ಬರೆಸಿ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ, 2007ರ 23ನೇ ಕಲಮಿನ ಪ್ರಕಾರ, ಆ ಷರತ್ತು ಮುರಿದರೆ ಪತ್ರವನ್ನು ರದ್ದು ಮಾಡಿಸಬಹುದು. ಬಾಯಿಮಾತಿನ ಷರತ್ತನ್ನು ಸಾಬೀತು ಮಾಡುವುದು ಬಹಳ ಕಷ್ಟ. ಮೃತ್ಯುಪತ್ರ ಮಾಡಿದರೆ ಬದುಕಿರುವವರೆಗೆ ಆಸ್ತಿ ನಿಮ್ಮದೇ. ಅದಕ್ಕೆ ಇಬ್ಬರು ಸಾಕ್ಷಿ ಬೇಕು, ನೋಂದಣಿ ಕಡ್ಡಾಯ ಅಲ್ಲ. ಸಾಕ್ಷಿ ಹಾಕುವವರು ಆಸ್ತಿ ಪಡೆಯುವವರಾಗಿರಬಾರದು.

ಮಕ್ಕಳು ನೋಡಿಕೊಳ್ಳದಿದ್ದರೆ ಇದೇ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ವಕೀಲರು ಬೇಕಿಲ್ಲ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಮಕ್ಕಳಿಲ್ಲದವರು, ತಮ್ಮ ಆಸ್ತಿ ಯಾರಿಗೆ ಬರುತ್ತದೋ ಆ ಸಂಬಂಧಿಕರಿಂದ ಕೇಳಬಹುದು. ಎಲ್ಲಿ ಶುರು ಮಾಡಬೇಕು ಅಂತ ತಿಳಿಯದಿದ್ದರೆ 14567ಕ್ಕೆ ಫೋನ್ ಮಾಡಿ. ಅದು ಹಿರಿಯರ ಸಹಾಯವಾಣಿ, ಉಚಿತ, ಮುಂಜಾನೆ 8ರಿಂದ ರಾತ್ರಿ 8ರವರೆಗೆ.

ಹೆಜ್ಜೆ 9: ಹೊರಗಿನವರ ಸಹಾಯ ತೆಗೆದುಕೊಳ್ಳಿ

ಸಂಬಳಕ್ಕೆ ಒಬ್ಬರನ್ನು ಇಟ್ಟುಕೊಳ್ಳುವುದು ಪ್ರೀತಿ ಕಡಿಮೆ ಆದದ್ದರ ಗುರುತಲ್ಲ. ಮೊದಲು ನಿಮಗೆ ಯಾರು ಬೇಕು ಅಂತ ನಿರ್ಧರಿಸಿ. ಗಾಯದ ಡ್ರೆಸಿಂಗ್, ಇಂಜೆಕ್ಷನ್‌ಗೆ ತರಬೇತಾದ ನರ್ಸ್ ಬೇಕು. ಮೈ ತೊಳೆಸಲು, ಉಣಿಸಲು ಅನುಭವ ಇರುವ ಆಯಾ ಸಾಕು. ಆಧಾರ್ ಪ್ರತಿ, ಮೊದಲು ಕೆಲಸ ಮಾಡಿದ ಎರಡು ಮನೆಯವರ ಮಾತು, ಪೊಲೀಸ್ ಪರಿಶೀಲನೆ ಮೂರೂ ಇರಲಿ. ಕೆಲಸ, ವೇಳೆ, ವಾರದ ರಜೆ, ಸಂಬಳ ಬರೆದು ಇಬ್ಬರೂ ಸಹಿ ಹಾಕಿ. ಮೊದಲ ವಾರ ನೀವು ಜೊತೆಗಿರಿ. ಅವರಿಗೂ ಹೊತ್ತಿಗೆ ಸರಿಯಾಗಿ ಊಟ, ಮಲಗಲು ಒಳ್ಳೆ ಜಾಗ ಕೊಡಿ. ದಣಿದ ಕೈಯಿಂದ ಒಳ್ಳೆ ಆರೈಕೆ ಆಗುವುದಿಲ್ಲ.

ವೃದ್ಧಾಶ್ರಮ ನೋಡುವುದಾದರೆ ಹೇಳದೆ ಊಟದ ಹೊತ್ತಿಗೆ ಹೋಗಿ. ಮೂಗಿಗೆ ಮೂತ್ರದ ವಾಸನೆ ಬಡಿಯುತ್ತದಾ? ರಾತ್ರಿ ಎಷ್ಟು ಜನ ಸಿಬ್ಬಂದಿ ಇರುತ್ತಾರೆ? ಹಾಸಿಗೆ ಹಿಡಿದ ಮೇಲೂ ಇಟ್ಟುಕೊಳ್ಳುತ್ತಾರಾ, ವಾಪಸ್ ಕಳಿಸುತ್ತಾರಾ? ಈ ಕೊನೆಯ ಪ್ರಶ್ನೆಗೆ ಉತ್ತರವನ್ನು ಬರೆಸಿಕೊಳ್ಳಿ.

ಹೆಜ್ಜೆ 10: ನಿಮ್ಮ ರಜೆಯನ್ನು ಮೊದಲೇ ಗೊತ್ತು ಮಾಡಿ

ಮೂರು ವರ್ಷ ನಾನು ಪಂಚಮಿಗೆ ತವರಿಗೆ ಹೋಗಲಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದು ಎಂಥ ನೋವು ಅಂತ ಬಿಡಿಸಿ ಹೇಳಬೇಕಿಲ್ಲ. ಮೂರನೇ ವರ್ಷ ಅಡುಗೆಮನೆಯಲ್ಲಿ ಶೇಂಗಾ ಉಂಡಿ ಕಟ್ಟುತ್ತಾ ಅಳು ಬಂತು. ಅತ್ತೆ ಹಾಸಿಗೆಯಿಂದಲೇ, "ನನ್ನಿಂದ ನಿನಗ ಭಾಳ ತ್ರಾಸ ಆತು, ಯವ್ವಾ" ಅಂದರು. ಅವರ ಮೇಲೆ ಅದರ ಹಿಂದಿನ ದಿನ ರೇಗಿದ್ದೆ. ಆ ಮಾತು ಕೇಳಿ ನನಗೆ ಇನ್ನಷ್ಟು ಸಂಕಟವಾಯಿತು.

ಮರುವರ್ಷ ನಾದಿನಿಗೆ ಬಾಯಿ ಬಿಟ್ಟು ಕೇಳಿದೆ. ಪಂಚಮಿಗೆ ಆಕೆ ತವರಿಗೆ, ಅಂದರೆ ನಮ್ಮ ಮನೆಗೆ ಬರುತ್ತಾಳೆ. ಎರಡು ದಿನ ನನ್ನ ಜೊತೆಗಿದ್ದು ಎಲ್ಲ ಕಲಿಯುತ್ತಾಳೆ. ಆಮೇಲೆ ನೋಟ್‌ಬುಕ್ ಆಕೆಯ ಕೈಗೆ, ನಾನು ರಾಣೆಬೆನ್ನೂರಿನ ಬಸ್ಸಿಗೆ. ಎಂಟು ದಿನ. ಅವ್ವನ ಜೊತೆ ಮಗಳಿಗೂ ದಿನ ಸಿಕ್ಕವು. ನಾದಿನಿ ಇಲ್ಲದವರು ವಾರಕ್ಕೆ ಎರಡು ತಾಸಿನಿಂದ ಶುರು ಮಾಡಿ. ಓಣಿಯಲ್ಲಿ ನಿಮ್ಮ ಹಾಗೇ ಯಾರನ್ನಾದರೂ ನೋಡಿಕೊಳ್ಳುತ್ತಿರುವ ಇನ್ನೊಬ್ಬರು ಇದ್ದೇ ಇರುತ್ತಾರೆ. ಮಂಗಳವಾರ ನೀವು ಅವರ ಮನೆಯಲ್ಲಿ ಕೂಡಿ, ಶುಕ್ರವಾರ ಅವರು ನಿಮ್ಮ ಮನೆಯಲ್ಲಿ ಕೂಡಲಿ. ಹಿರಿಯರನ್ನು ನೋಡಲು ಬರುವ ಬಂಧುಗಳಿಗೂ ಹಣ್ಣು ತರುವ ಬದಲು ಒಂದು ಮಧ್ಯಾಹ್ನ ಕೊಡಿ ಅಂತ ಕೇಳಿ. ಹೆಚ್ಚಿನವರು ಕೊಡುತ್ತಾರೆ, ಕೇಳಬೇಕು ಅಷ್ಟೇ.

ಹಿರಿಯರ ಬಿಪಿ ನೋಡುವಾಗ ಅದೇ ಪಟ್ಟಿಯನ್ನು ನಿಮ್ಮ ತೋಳಿಗೂ ಕಟ್ಟಿ ನೋಡಿ. ಬೆನ್ನುನೋವನ್ನು ಮುಂದೂಡಬೇಡಿ. ರಾತ್ರಿ ನಿದ್ದೆ ಬರದೆ, ಸುಮ್‌ಸುಮ್ನೆ ಅಳು ಬಂದು, "ಇದೆಲ್ಲ ಯಾವಾಗ ಮುಗಿಯುತ್ತೋ" ಅನಿಸಿ, ಆಮೇಲೆ ಹಾಗೆ ಅನಿಸಿದ್ದಕ್ಕೇ ನಿಮ್ಮನ್ನು ನೀವು ಬೈದುಕೊಳ್ಳುತ್ತಿದ್ದರೆ, ನೀವು ಕೆಟ್ಟವರಲ್ಲ, ದಣಿದಿದ್ದೀರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರು 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು, ದಿನದ 24 ತಾಸೂ ಎತ್ತುತ್ತಾರೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ಡಾಕ್ಟರ ನಂಬರಿನ ಕೆಳಗೆ, ಇದನ್ನೂ ಬರೆದಿಡಿ.